ಶಂಟ್ ಹಾಕಿದ ಮೇಲೆ ನೆನಪು ಮರಳುತ್ತದೆಯೇ?

"ವಯಸ್ಸಾಯ್ತಲ್ಲ, ಮರೆವು ಇರೋದೇ" ಅಂತ ನಾವು ಎಷ್ಟು ಸಲ ಹೇಳಿಲ್ಲ! ಮನೆಯ ಹಿರಿಯರು ಪಾದ ನೆಲಕ್ಕೆ ಅಂಟಿಕೊಂಡ ಹಾಗೆ ಎಳೆದೆಳೆದು ನಡೆಯತೊಡಗುತ್ತಾರೆ. ಬಚ್ಚಲು ಮುಟ್ಟುವ ಮೊದಲೇ ಬಟ್ಟೆ ಒದ್ದೆಯಾಗುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಬರಲು ಅರ್ಧ ನಿಮಿಷ ಬೇಕಾಗುತ್ತದೆ. ನಡಿಗೆಗೆ ಮಂಡಿನೋವು, ಮೂತ್ರಕ್ಕೆ ಪ್ರಾಸ್ಟೇಟ್ ಅಥವಾ ಸಕ್ಕರೆ ಕಾಯಿಲೆ, ಮರೆವಿಗೆ ವಯಸ್ಸು - ಹೀಗೆ ಮೂರಕ್ಕೆ ಮೂರು ಬೇರೆ ಕಾರಣ ಹುಡುಕಿ ಸುಮ್ಮನಾಗಿಬಿಡುತ್ತೇವೆ. ಮೂರೂ ಒಬ್ಬರಲ್ಲೇ ಸೇರಿದಾಗ ಕಾರಣ ಒಂದೇ ಇರಬಹುದು ಅಂತ ನಮಗೆ ಹೊಳೆಯುವುದು ಅಪರೂಪ.

ಆ ಒಂದು ಕಾರಣದ ಹೆಸರು ನಾರ್ಮಲ್ ಪ್ರೆಶರ್ ಹೈಡ್ರೊಸೆಫಾಲಸ್. ವೈದ್ಯರು ಚಿಕ್ಕದಾಗಿ ಎನ್‌ಪಿಎಚ್ ಅನ್ನುತ್ತಾರೆ. ನಮ್ಮ ಮಿದುಳಿನೊಳಗೆ ವೆಂಟ್ರಿಕಲ್ ಎಂಬ ಕುಳಿಗಳಿವೆ. ಅಲ್ಲಿ ತಿಳಿನೀರಿನಂಥ ಒಂದು ದ್ರವ ದಿನಕ್ಕೆ ಸುಮಾರು 500 ಮಿಲಿಲೀಟರ್‌ನಷ್ಟು ಉತ್ಪತ್ತಿಯಾಗುತ್ತದೆ. ಆದರೆ ಯಾವ ಹೊತ್ತಿನಲ್ಲೂ ತಲೆ ಮತ್ತು ಬೆನ್ನುಹುರಿಯ ಸುತ್ತ ಇರುವುದು ಸುಮಾರು 150 ಮಿಲಿಲೀಟರ್ ಮಾತ್ರ. ಅಂದ್ರೆ ಹಳೆಯದು ರಕ್ತಕ್ಕೆ ಸೇರುತ್ತ, ಹೊಸದು ಬರುತ್ತ, ದಿನಕ್ಕೆ ಮೂರು ನಾಲ್ಕು ಸಲ ಈ ದ್ರವ ಬದಲಾಗುತ್ತದೆ. ಈ ಹರಿವಿನಲ್ಲಿ ಎಲ್ಲೋ ತೊಡಕಾಗಿ, ಕುಳಿಗಳು ಹಿಗ್ಗಿ, ಸುತ್ತಲಿನ ನರತಂತುಗಳಿಗೆ ತೊಂದರೆಯಾಗುವುದೇ ಈ ಕಾಯಿಲೆ. ಒತ್ತಡ ಅಳೆದರೆ ಮಾತ್ರ ಹೆಚ್ಚುಕಡಿಮೆ ಸಹಜವಾಗಿಯೇ ಇರುತ್ತದೆ. ಹೆಸರಿನಲ್ಲಿ 'ನಾರ್ಮಲ್' ಅಂತ ಇರುವುದು ಅದಕ್ಕೇ. ಸ್ವೀಡನ್‌ನಲ್ಲಿ ಹಿರಿಯ ನಾಗರಿಕರನ್ನು ಪರೀಕ್ಷಿಸಿದ ಒಂದು ಅಧ್ಯಯನದಲ್ಲಿ 70ರಿಂದ 79 ವಯಸ್ಸಿನವರಲ್ಲಿ ಶೇಕಡಾ 0.2ರಷ್ಟು ಮಂದಿಗೆ, 80 ದಾಟಿದವರಲ್ಲಿ ಶೇಕಡಾ 5.9ರಷ್ಟು ಮಂದಿಗೆ ಈ ಕಾಯಿಲೆ ಇರಬಹುದೆಂದು ಕಂಡುಬಂತು. 80ರ ಮೇಲಿನವರಲ್ಲಿ ಇದನ್ನು ಅಪರೂಪ ಅನ್ನಲಾಗದು.

ಮರೆವಿನ ಹೆಚ್ಚಿನ ಕಾಯಿಲೆಗಳಿಗೆ ಶಸ್ತ್ರಚಿಕಿತ್ಸೆ ಇಲ್ಲ, ಇದಕ್ಕೆ ಇದೆ. ಶಂಟ್ ಎಂಬ ಸಣ್ಣ ಕೊಳವೆಯನ್ನು ತಲೆಯಿಂದ ಚರ್ಮದ ಕೆಳಗೇ ಹೊಟ್ಟೆಯವರೆಗೆ ಇಳಿಸಿ, ಹೆಚ್ಚಾದ ದ್ರವವನ್ನು ಅಲ್ಲಿಗೆ ಹರಿಸುತ್ತಾರೆ. ಇಷ್ಟು ಕೇಳಿದ ಕೂಡಲೇ ಮನೆಯವರ ಬಾಯಲ್ಲಿ ಬರುವ ಪ್ರಶ್ನೆ ಒಂದೇ: "ನೆನಪು ವಾಪಸ್ ಬರುತ್ತಾ ಡಾಕ್ಟ್ರೇ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಮುಂಬಯಿಯಲ್ಲಿ ನಾಲ್ಕು ತಿಂಗಳು ಆಸ್ಪತ್ರೆಯ ಬೆಂಚುಗಳ ಮೇಲೆ ಕೂತಿದ್ದೇನೆ. ರೋಗಿ ನನ್ನ ಮಾಮ, ವಯಸ್ಸು 74. ಮಸ್ಜಿದ್ ಬಂದರಿನ ಗೋದಾಮುಗಳಲ್ಲಿ ನಲವತ್ತು ವರ್ಷ ಲೆಕ್ಕ ಬರೆದವರು. ಮಂಡಿಗೆ ಒಬ್ಬ ಡಾಕ್ಟರು, ಮೂತ್ರಕ್ಕೆ ಇನ್ನೊಬ್ಬರು ಅಂತ ಎರಡು ವರ್ಷ ತಿರುಗಿದ ಮೇಲೆ, ಒಂದು ರಾತ್ರಿ ಬಚ್ಚಲಲ್ಲಿ ಬಿದ್ದು ತಲೆಗೆ ಸಿಟಿ ಸ್ಕ್ಯಾನ್ ಮಾಡಿಸಬೇಕಾಯಿತು. ಏಟು ಏನೂ ಆಗಿರಲಿಲ್ಲ, ಕುಳಿಗಳು ಮಾತ್ರ ಹಿಗ್ಗಿದ್ದವು. ಮಾಮಿಯ ಪ್ರಶ್ನೆ ನಮ್ಮೆಲ್ಲರ ಪ್ರಶ್ನೆಗಿಂತ ಬೇರೆಯೇ ಇತ್ತು. "ನಡೆಯೋದು ಇರಲಿ, ಮೊದಲಿನ ಹಾಗೆ ನನ್ನ ಹತ್ರ ಮಾತಾಡ್ತಾರಾ, ಅದು ಕೇಳು" ಅಂದಿದ್ದರು.

ನಾನು ವೈದ್ಯನಲ್ಲ. ಓದಿದ್ದನ್ನು, ವೈದ್ಯರನ್ನು ಕೇಳಿ ತಿಳಿದದ್ದನ್ನು ನಿಮಗೆ ಹೇಳುತ್ತಿದ್ದೇನೆ. ಈ ಕಾಯಿಲೆಯಲ್ಲಿ 'ಶಂಟ್ ಕೆಲಸ ಮಾಡುತ್ತದೆಯೇ' ಅನ್ನುವುದು ಒಂದು ಪ್ರಶ್ನೆ, 'ಬುದ್ಧಿ ಮತ್ತು ನೆನಪು ಚೇತರಿಸುತ್ತವೆಯೇ' ಅನ್ನುವುದು ಬೇರೆಯೇ ಪ್ರಶ್ನೆ. ಆಸ್ಪತ್ರೆಯಲ್ಲಿ ಮೊದಲನೆಯದಕ್ಕೆ ಸಿಗುವ ಉತ್ತರವನ್ನು ನಾವು ಎರಡನೆಯದಕ್ಕೆ ಸಿಕ್ಕ ಉತ್ತರ ಅಂತ ತಪ್ಪಾಗಿ ತಿಳಿದುಕೊಳ್ಳುತ್ತೇವೆ.

ಈ ಗೊಂದಲಕ್ಕೆ ಕಾಯಿಲೆಯ ಚರಿತ್ರೆಯೂ ಸ್ವಲ್ಪ ಕಾರಣ. ಇದನ್ನು ಮೊದಲು ಗುರುತಿಸಿದವರು ದಕ್ಷಿಣ ಅಮೆರಿಕದ ಕೊಲಂಬಿಯಾದ ನ್ಯೂರೋಸರ್ಜನ್ ಸಾಲೊಮನ್ ಹಕೀಮ್. ಲೆಬನಾನಿನಿಂದ ವಲಸೆ ಹೋದ ಕುಟುಂಬದವರು. ಹಕೀಮ್ ಅಂದ್ರೆ ವೈದ್ಯ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು, ಹೆಸರಿಗೆ ತಕ್ಕ ಕೆಲಸವೇ ಅವರಿಗೆ ಸಿಕ್ಕಿತ್ತು. 1957ರಲ್ಲಿ ಬೊಗೋಟಾದಲ್ಲಿ ಕಾರು ಅಪಘಾತವಾಗಿ 16 ವರ್ಷದ ಹುಡುಗನೊಬ್ಬ ಅವರ ಬಳಿ ಬಂದ. ಗಾಯಕ್ಕೆ ಚಿಕಿತ್ಸೆಯಾದ ಮೇಲೂ ಅವನಿಗೆ ಸರಿಯಾಗಿ ಪ್ರಜ್ಞೆ ಮರಳಲಿಲ್ಲ. ಕುಳಿಗಳು ಹಿಗ್ಗಿದ್ದವು, ಆದರೆ ದ್ರವದ ಒತ್ತಡ ಸಹಜವಾಗಿತ್ತು. ಪರೀಕ್ಷೆಗೆಂದು ಹಕೀಮ್ ಬೆನ್ನಿನಿಂದ 15 ಮಿಲಿಲೀಟರ್ ದ್ರವ ತೆಗೆದರು. ಮರುದಿನ ಹುಡುಗ ಎಚ್ಚರಗೊಂಡು ಮಾತಾಡಿದ! ಮುಂದೆ ಶಂಟ್ ಹಾಕಿದ ಮೇಲೆ ಅವನು ಚೇತರಿಸಿಕೊಂಡ. ಹಕೀಮ್ 1964ರಲ್ಲಿ ಇದರ ಬಗ್ಗೆಯೇ ಪ್ರಬಂಧ ಬರೆದರು. 1965ರಲ್ಲಿ ಬಾಸ್ಟನ್ನಿನ ರೇಮಂಡ್ ಆಡಮ್ಸ್ ಮೊದಲಾದವರ ಜೊತೆ ಮೂವರು ರೋಗಿಗಳ ವಿವರವನ್ನು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು. ಚಿಕಿತ್ಸೆ ಸಾಧ್ಯವಿರುವ ಕಾಯಿಲೆ ಅಂತ ಲೇಖನದ ತಲೆಬರಹದಲ್ಲೇ ಇತ್ತು. ನಂತರದ ವರ್ಷಗಳಲ್ಲಿ ಮರೆವು ಇದ್ದವರಿಗೆಲ್ಲ ಶಂಟ್ ಹಾಕುವ ಉತ್ಸಾಹ ಹಬ್ಬಿತು. ಎಲ್ಲರೂ ಆ ಹುಡುಗನಂತೆ ಎದ್ದು ಮಾತಾಡಲಿಲ್ಲ, ಉತ್ಸಾಹ ಇಳಿಯಿತು. ಅಪಘಾತ, ರಕ್ತಸ್ರಾವ, ಮೆನಿಂಜೈಟಿಸ್ ಮುಂತಾದ ಸ್ಪಷ್ಟ ಕಾರಣದಿಂದ ಬಂದ ಎನ್‌ಪಿಎಚ್ ಬೇರೆ, ಕಾರಣ ತಿಳಿಯದೆ ಮುಪ್ಪಿನಲ್ಲಿ ಬರುವ ಎನ್‌ಪಿಎಚ್ ಬೇರೆ ಅನ್ನುವುದು ನಿಧಾನಕ್ಕೆ ಅರ್ಥವಾಯಿತು. ಈ ಲೇಖನದಲ್ಲಿ ನಾನು ಹೇಳುತ್ತಿರುವುದು ಎರಡನೆಯದರ ಬಗ್ಗೆ.

ಹಾಗಾದರೆ ಯಾರಿಗೆ ಶಂಟ್ ಉಪಯೋಗ ಅಂತ ಮುಂಚೆಯೇ ಹೇಳುವುದು ಹೇಗೆ? ಹಕೀಮ್ ಅಂದು ಆಕಸ್ಮಿಕವಾಗಿ ಮಾಡಿದ್ದನ್ನೇ ಇಂದು ಬೇಕೆಂದು ಮಾಡುತ್ತಾರೆ. ಅದರ ಹೆಸರು ಟ್ಯಾಪ್ ಟೆಸ್ಟ್. ಬೆನ್ನಿನ ಕೆಳಭಾಗಕ್ಕೆ ಸೂಜಿ ಚುಚ್ಚಿ 30ರಿಂದ 50 ಮಿಲಿಲೀಟರ್ ದ್ರವ ತೆಗೆಯುತ್ತಾರೆ. ತೆಗೆಯುವ ಮುಂಚೆ ಮತ್ತು ತೆಗೆದ ಕೆಲವು ಗಂಟೆಗಳ ನಂತರ ರೋಗಿಯನ್ನು ನಡೆಸಿ ನೋಡುತ್ತಾರೆ. ಮಾಮನಿಗೆ ಹತ್ತು ಮೀಟರ್ ನಡೆಯಲು ಬೆಳಗ್ಗೆ 24 ಸೆಕೆಂಡ್ ಹಿಡಿಯಿತು, ಸಂಜೆ 15 ಸೆಕೆಂಡ್. ಫಿಸಿಯೋಥೆರಪಿಸ್ಟ್ ನಗುತ್ತ ಹೆಬ್ಬೆರಳು ತೋರಿಸಿದಳು. ನಾವು ಮನೆಗೆ ಫೋನ್ ಮಾಡಿ "ಟೆಸ್ಟ್ ಪಾಸಾಯ್ತು, ಇನ್ನು ಮರೆವು ಹೋಗುತ್ತೆ" ಅಂದೆವು. ತಪ್ಪಾದದ್ದು ಇಲ್ಲೇ.

ಟ್ಯಾಪ್ ಟೆಸ್ಟ್ ಅಳೆಯುವುದು ಮುಖ್ಯವಾಗಿ ನಡಿಗೆಯನ್ನು. ದ್ರವ ಇಳಿದಾಗ ನಡಿಗೆ ಗಂಟೆಗಳಲ್ಲಿ ಬದಲಾಗಬಲ್ಲದು. ಬುದ್ಧಿಯ ಕೆಲಸಗಳು ಅಷ್ಟು ಬೇಗ ಬದಲಾಗುವುದಿಲ್ಲ. ಬೆಳಗ್ಗೆ ಕೇಳಿದ ಪ್ರಶ್ನೆಯನ್ನೇ ಸಂಜೆ ಕೇಳಿದರೆ ಅಭ್ಯಾಸಬಲದಿಂದಲೇ ಒಂದೆರಡು ಅಂಕ ಹೆಚ್ಚು ಬರುವುದೂ ಇದೆ. ಟೆಸ್ಟ್ ಪಾಸಾದರೆ ಶಂಟ್‌ನಿಂದ, ಅದರಲ್ಲೂ ನಡಿಗೆಗೆ, ಪ್ರಯೋಜನವಾಗುವ ಸಾಧ್ಯತೆ ಹೆಚ್ಚು. ನೆನಪಿನ ಬಗ್ಗೆ ಅದು ಹೇಳುವುದು ಕಡಿಮೆ. ಟೆಸ್ಟ್ ಫೇಲಾಯಿತು ಅಂತ ಕೈಚೆಲ್ಲಿ ಕೂರುವುದೂ ಸರಿಯಲ್ಲ. ಯೂರೋಪಿನ ಹಲವು ಕೇಂದ್ರಗಳು ಸೇರಿ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೆಸ್ಟಿನ ಫಲಿತಾಂಶ ಏನೇ ಬಂದರೂ ಲಕ್ಷಣ ಮತ್ತು ಸ್ಕ್ಯಾನ್ ನೋಡಿ ಶಂಟ್ ಹಾಕಿದ್ದರು. ಟೆಸ್ಟ್‌ನಲ್ಲಿ ಸುಧಾರಣೆ ಕಾಣದ ಅನೇಕರಿಗೂ ಶಂಟ್ ಉಪಯೋಗವಾಗಿತ್ತು. ಮೊದಲ ಟೆಸ್ಟಿನಲ್ಲಿ ಅನುಮಾನ ಉಳಿದರೆ ಬೆನ್ನಿನಲ್ಲಿ ಸಣ್ಣ ಕೊಳವೆ ಇಟ್ಟು ಎರಡು ಮೂರು ದಿನ ದ್ರವ ಹರಿಸಿ ನೋಡುವ ವಿಧಾನವೂ ಇದೆ. ಅದು ಹೆಚ್ಚು ನಂಬಲರ್ಹ, ಆದರೆ ಆಸ್ಪತ್ರೆಯಲ್ಲೇ ಇರಬೇಕು, ಸೋಂಕಿನ ಭಯವೂ ಇದೆ.

ನಡಿಗೆ ಮತ್ತು ನೆನಪಿನ ಈ ಅಂತರ ಎದ್ದು ಕಂಡದ್ದು 2025ರಲ್ಲಿ ಅದೇ ನ್ಯೂ ಇಂಗ್ಲೆಂಡ್ ಜರ್ನಲ್‌ನಲ್ಲಿ ಬಂದ ಪ್ರಯೋಗದಲ್ಲಿ. ಅದರ ವಿನ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು, ತುಂಬ ಚೆನ್ನಾಗಿದೆ. ಅಮೆರಿಕ, ಕೆನಡಾ ಮತ್ತು ಸ್ವೀಡನ್‌ನ 99 ರೋಗಿಗಳಿಗೆ ಶಂಟ್ ಹಾಕಿದರು, ಎಲ್ಲರಿಗೂ. ಶಂಟ್‌ನಲ್ಲಿ ಹರಿವನ್ನು ಹೆಚ್ಚು ಕಡಿಮೆ ಮಾಡುವ ಒಂದು ವಾಲ್ವ್ ಇರುತ್ತದೆ, ಅದನ್ನು ಹೊರಗಿನಿಂದ ಅಯಸ್ಕಾಂತದ ಸಾಧನ ಹಿಡಿದು ತಿರುಗಿಸಬಹುದು. ಅರ್ಧದಷ್ಟು ಜನರಿಗೆ ವಾಲ್ವ್ ತೆರೆದಿಟ್ಟರು, ಉಳಿದವರಿಗೆ ಹೆಚ್ಚುಕಡಿಮೆ ಮುಚ್ಚಿದ ಸ್ಥಿತಿಯಲ್ಲಿ ಇಟ್ಟರು. ಯಾರದು ತೆರೆದಿದೆ ಅಂತ ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವವರಿಗೂ ಗೊತ್ತಿಲ್ಲ. ಇವರೆಲ್ಲ ದ್ರವ ತೆಗೆದಾಗ ನಡಿಗೆ ಸುಧಾರಿಸಿದವರೇ, ಅಂದ್ರೆ ಟೆಸ್ಟ್ ಪಾಸಾದವರೇ. ಮೂರು ತಿಂಗಳ ನಂತರ ನೋಡಿದರೆ, ವಾಲ್ವ್ ತೆರೆದವರ ನಡಿಗೆಯ ವೇಗ ಸೆಕೆಂಡಿಗೆ 0.23 ಮೀಟರ್‌ನಷ್ಟು ಹೆಚ್ಚಿತ್ತು. ಮುಚ್ಚಿದವರಲ್ಲಿ ಬರೀ 0.03. ನಡಿಗೆಯ ಮಟ್ಟಿಗೆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಬುದ್ಧಿಶಕ್ತಿಯನ್ನು ಅಳೆಯುವ 30 ಅಂಕಗಳ 'ಮೋಕಾ' ಪರೀಕ್ಷೆಯಲ್ಲಿ ತೆರೆದವರು 1.3 ಅಂಕ ಹೆಚ್ಚು ಪಡೆದರು, ಮುಚ್ಚಿದವರು 0.3. ಈ ವ್ಯತ್ಯಾಸ ಆಕಸ್ಮಿಕವಲ್ಲ ಅಂತ ಹೇಳಲು ಸಾಲದಷ್ಟು ಸಣ್ಣದು.

ಇದನ್ನು ಓದಿ ನಿರಾಶರಾಗಬೇಡಿ. ಮೂರು ತಿಂಗಳು ಬುದ್ಧಿಗೆ ಚಿಕ್ಕ ಅವಧಿ. ಮೋಕಾ ಹತ್ತು ನಿಮಿಷದ ಪರೀಕ್ಷೆ, ಸಣ್ಣ ಬದಲಾವಣೆಗಳು ಅದರ ಜಾಲರಿಯಲ್ಲಿ ಸಿಗದೆ ಜಾರುತ್ತವೆ. ಸರಾಸರಿಯೊಳಗೆ ಬಹಳ ಸುಧಾರಿಸಿದವರೂ ಇರುತ್ತಾರೆ, ಏನೂ ಆಗದವರೂ ಇರುತ್ತಾರೆ. ನಮ್ಮವರು ಯಾವ ಗುಂಪಿಗೆ ಸೇರಬಹುದು ಅನ್ನುವುದೇ ನಮಗೆ ಬೇಕಾದ ಮಾತು. ಅದಕ್ಕೆ ಒಂದೇ ಒಂದು ಪರೀಕ್ಷೆ ಇಲ್ಲ. ಕೆಲವು ಸುಳಿವುಗಳಿವೆ, ಹೆಚ್ಚಿನವು ಮನೆಯವರ ಕಣ್ಣಿಗೇ ಬೀಳುವಂಥವು.

ಮೊದಲ ಸುಳಿವು, ಮರೆವು ಯಾವ ಬಗೆಯದು ಅನ್ನುವುದು. ಎನ್‌ಪಿಎಚ್‌ನಲ್ಲಿ ಹೆಚ್ಚು ಕೆಡುವುದು ವೇಗ, ಗಮನ, ಯೋಜನೆ ಮತ್ತು ತಾನಾಗಿ ಏನಾದರೂ ಮಾಡುವ ಹುರುಪು. ನೆನಪು ಒಳಗೆ ಇರುತ್ತದೆ, ಹೊರತೆಗೆಯುವುದು ಕಷ್ಟ. ಅಂಗಡಿಯಲ್ಲಿ ಸಾಮಾನು ಇದೆ, ತೆಗೆದುಕೊಡುವ ಹುಡುಗ ನಿಧಾನ, ಅಂದುಕೊಳ್ಳಿ. "ನಿನ್ನೆ ಮನೆಗೆ ಯಾರು ಬಂದಿದ್ರು?" ಅಂದರೆ ಮಾಮ ಸುಮ್ಮನೆ ಕೂರುತ್ತಿದ್ದರು. "ಬಟ್ಕಳದವರು ಬಂದಿದ್ರಾ, ಪುತ್ತೂರಿನವರಾ?" ಅಂದರೆ "ಪುತ್ತೂರಿನವರು" ಅಂತ ಸರಿಯಾಗಿ ಹೇಳುತ್ತಿದ್ದರು. ಆಲ್‌ಝೈಮರ್‌ನಲ್ಲಿ ಹೀಗಲ್ಲ, ಸಾಮಾನೇ ಅಂಗಡಿಗೆ ಬಂದಿರುವುದಿಲ್ಲ. ಸುಳಿವು ಕೊಟ್ಟರೂ ನಿನ್ನೆಯ ಘಟನೆ ಸಿಗುವುದಿಲ್ಲ, ವಸ್ತುಗಳ ಹೆಸರು ತಪ್ಪುತ್ತದೆ, ಗುರುತಿದ್ದ ದಾರಿ ತಪ್ಪುತ್ತದೆ. ಸುಳಿವು ಕೊಟ್ಟಾಗ ಉತ್ತರ ಬರುವವರಲ್ಲಿ ಶಂಟ್ ನಂತರ ಬುದ್ಧಿ ಚುರುಕಾಗುವ ನಿರೀಕ್ಷೆ ಹೆಚ್ಚು. ಮಾತಿನಲ್ಲಿ ವಸ್ತುಗಳ ಹೆಸರೇ ಸಿಗದೆ ತಡವರಿಸುವವರಲ್ಲಿ ನಿರೀಕ್ಷೆ ಕಡಿಮೆ ಅಂತ 1980ರ ದಶಕದಿಂದಲೇ ವೈದ್ಯರು ಗುರುತಿಸಿದ್ದಾರೆ.

ಎರಡನೆಯದು, ಯಾವುದು ಮೊದಲು ಬಂತು. ನಡಿಗೆ ಮೊದಲು ಕೆಟ್ಟು, ಮರೆವು ಆಮೇಲೆ ಬಂದರೆ ಒಳ್ಳೆಯ ಲಕ್ಷಣ. ಮರೆವೇ ಮೊದಲು ಶುರುವಾಗಿ, ವರ್ಷಗಳ ನಂತರ ನಡಿಗೆ ಕೆಟ್ಟಿದ್ದರೆ ಒಳಗೆ ಬೇರೆ ಕಾಯಿಲೆಯೂ ಇರಬಹುದು. ಡಾಕ್ಟರು "ಯಾವಾಗಿಂದ?" ಅಂತ ಕೇಳಿದಾಗ ನಾವು ಸಾಮಾನ್ಯವಾಗಿ "ಎಲ್ಲಾ ಒಟ್ಟಿಗೆ, ಎರಡು ವರ್ಷದಿಂದ" ಅಂದುಬಿಡುತ್ತೇವೆ. ಹಾಗೆ ಹೇಳಬೇಡಿ. ಮನೆಯಲ್ಲಿ ಕೂತು ಹಬ್ಬ, ಮದುವೆ, ಊರಿಗೆ ಹೋದದ್ದು ಇವನ್ನೆಲ್ಲ ಗುರುತಾಗಿಟ್ಟುಕೊಂಡು ಲೆಕ್ಕ ಹಾಕಿ. ಎರಡು ವರ್ಷದ ಹಿಂದಿನ ಮದುವೆಯ ವೀಡಿಯೊ ನೋಡಿದಾಗ, ಮಾಮ ಆಗಲೇ ಪಾದ ಎಳೆಯುತ್ತಿದ್ದದ್ದು ನಮಗೆ ಕಂಡಿತು. ಅದೇ ವೀಡಿಯೊದಲ್ಲಿ ಅವರು ಬಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಆ ಐದು ನಿಮಿಷದ ವೀಡಿಯೊ ನ್ಯೂರಾಲಜಿಸ್ಟರಿಗೆ ನಮ್ಮ ಅರ್ಧ ಗಂಟೆಯ ಮಾತಿಗಿಂತ ಹೆಚ್ಚು ಉಪಯೋಗವಾಯಿತು.

ಕಾಲದ ಮಾತೂ ಇದರೊಳಗೇ ಇದೆ. ಸ್ವೀಡನ್‌ನಲ್ಲಿ ಶಸ್ತ್ರಚಿಕಿತ್ಸೆಗೆ ಅರ್ಧ ವರ್ಷಕ್ಕೂ ಹೆಚ್ಚು ಕಾಯಬೇಕಾಗಿ ಬಂದವರನ್ನು, ಬೇಗ ಚಿಕಿತ್ಸೆ ಸಿಕ್ಕವರ ಜೊತೆ ಹೋಲಿಸಿ ನೋಡಿದ್ದಾರೆ. ಕಾದವರ ಸ್ಥಿತಿ ಕಾಯುವಾಗಲೇ ಕೆಟ್ಟಿತು, ಶಂಟ್ ನಂತರ ಅವರು ಬೇಗ ಚಿಕಿತ್ಸೆ ಪಡೆದವರ ಮಟ್ಟಕ್ಕೆ ಬರಲಿಲ್ಲ. ಜಪಾನ್‌ನವರು 93 ರೋಗಿಗಳಲ್ಲಿ ಅರ್ಧ ಮಂದಿಗೆ ಕೂಡಲೇ, ಅರ್ಧ ಮಂದಿಗೆ ಮೂರು ತಿಂಗಳು ತಡವಾಗಿ ಶಂಟ್ ಹಾಕಿ 2015ರಲ್ಲಿ ವರದಿ ಕೊಟ್ಟರು. ಮೂರು ತಿಂಗಳ ಕೊನೆಗೆ, ಕೂಡಲೇ ಹಾಕಿಸಿಕೊಂಡವರಲ್ಲಿ ಶೇಕಡಾ 65 ಮಂದಿ ದಿನನಿತ್ಯದ ಸ್ವಾವಲಂಬನೆಯಲ್ಲಿ ಸುಧಾರಿಸಿದ್ದರೆ, ಕಾಯುತ್ತಿದ್ದವರಲ್ಲಿ ಶೇಕಡಾ 5 ಮಾತ್ರ. ಇದು ನೆನಪಿನ ಅಳತೆ ಅಲ್ಲ, ತನ್ನ ಕೆಲಸ ತಾನು ಮಾಡಿಕೊಳ್ಳುವ ಅಳತೆ. ಆದರೂ ಮಂಡಿನೋವು, ವಯಸ್ಸು ಅಂತ ನಾವು ಕಳೆದ ಎರಡು ವರ್ಷ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಮೂರನೆಯದು, ಜೊತೆಗೆ ಇನ್ಯಾವ ಕಾಯಿಲೆ ಕೂತಿದೆ ಅನ್ನುವುದು. ನನ್ನ ತಿಳುವಳಿಕೆಯಲ್ಲಿ ನೆನಪಿನ ಮಟ್ಟಿಗೆ ಎಲ್ಲಕ್ಕಿಂತ ಭಾರವಾದದ್ದು ಇದೇ. ಎಪ್ಪತ್ತೈದರ ಮಿದುಳಿನಲ್ಲಿ ಒಂದೇ ಕಾಯಿಲೆ ಇರಬೇಕೆಂಬ ನಿಯಮವಿಲ್ಲ. ಫಿನ್ಲೆಂಡಿನ ಕುವೊಪಿಯೊದಲ್ಲಿ ಶಂಟ್ ಹಾಕುವಾಗಲೇ ಮಿದುಳಿನ ಚಿಕ್ಕ ತುಣುಕೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವಿದೆ. ಅಂಥ ಪರೀಕ್ಷೆಗಳಲ್ಲಿ ಬಹಳ ಮಂದಿಯಲ್ಲಿ ಆಲ್‌ಝೈಮರ್‌ನ ಗುರುತುಗಳೂ ಸಿಕ್ಕಿವೆ. ಶಂಟ್ ದ್ರವವನ್ನು ಹರಿಸಬಲ್ಲದು, ಆಲ್‌ಝೈಮರನ್ನು ತಡೆಯಲಾರದು. ಇಂಥವರಲ್ಲಿ ನಡಿಗೆ ಸುಧಾರಿಸಬಹುದು, ಮರೆವು ಮಾತ್ರ ತನ್ನ ದಾರಿಯಲ್ಲಿ ಮುಂದುವರಿಯಬಹುದು. ಹಾಗಂತ ಶಂಟ್ ಬೇಡವೇ ಬೇಡ ಅಂತಲ್ಲ. ಎರಡು ಹೆಗಲು ಹಿಡಿದು ಬಚ್ಚಲಿಗೆ ಒಯ್ಯಬೇಕಾಗಿದ್ದವರು ತಾವಾಗಿ ಹೋಗುವಂತಾದರೆ, ನೋಡಿಕೊಳ್ಳುವವರ ಪಾಲಿಗೆ ಅದು ಚಿಕ್ಕ ಮಾತಲ್ಲ. ಆದರೆ ಏನನ್ನು ನಿರೀಕ್ಷಿಸಿ ಸಹಿ ಹಾಕುತ್ತಿದ್ದೇವೆ ಅನ್ನುವುದು ಮುಂಚೆಯೇ ತಿಳಿದಿರಬೇಕು.

ಆಲ್‌ಝೈಮರ್ ಜೊತೆಗಿದೆಯೇ ಅಂತ ನೋಡಲು ಒಂದು ಅನುಕೂಲವಿದೆ. ಟ್ಯಾಪ್ ಟೆಸ್ಟ್‌ನಲ್ಲಿ ತೆಗೆದ ದ್ರವವನ್ನು ಚೆಲ್ಲದೆ ಲ್ಯಾಬಿಗೆ ಕಳಿಸಿ ಅಮಿಲಾಯ್ಡ್ ಮತ್ತು ಟಾವ್ ಎಂಬ ಪ್ರೊಟೀನ್‌ಗಳನ್ನು ಅಳೆಯಿಸಬಹುದು. ಎನ್‌ಪಿಎಚ್‌ನಲ್ಲಿ ಎರಡೂ ಸಾಮಾನ್ಯವಾಗಿ ಕಡಿಮೆ ಇರುತ್ತವೆ, ಹಾಗಾಗಿ ಅಮಿಲಾಯ್ಡ್ ಒಂದನ್ನೇ ನೋಡಿ ಹೆದರಬಾರದು. ಟಾವ್‌ನ ಒಂದು ರೂಪ, ಫಾಸ್ಫೊ-ಟಾವ್, ಹೆಚ್ಚಾಗಿದ್ದರೆ ಆಲ್‌ಝೈಮರ್‌ನ ಅನುಮಾನ ಬಲವಾಗುತ್ತದೆ. ಎಲ್ಲ ಆಸ್ಪತ್ರೆಗಳೂ ಇದನ್ನು ತಾವಾಗಿ ಹೇಳುವುದಿಲ್ಲ, ಸೂಜಿ ಚುಚ್ಚುವ ಮುಂಚೆ ನೀವೇ ಕೇಳಬೇಕು. ಬಿಪಿ ಮತ್ತು ಸಕ್ಕರೆಯಿಂದ ಮಿದುಳಿನ ಸಣ್ಣ ರಕ್ತನಾಳಗಳು ಕೆಟ್ಟಿದ್ದರೂ ಚೇತರಿಕೆ ಮಂದವಾಗಬಹುದು, ಆದರೆ ಅದೊಂದೇ ಕಾರಣಕ್ಕೆ ಶಂಟ್ ನಿರಾಕರಿಸುವಂತಿಲ್ಲ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆ ಇವನ್ನು ಮೊದಲೇ ನೋಡಿಸಿಬಿಡಿ. ಇನ್ನೊಂದು ಮಾತು: ಮೂತ್ರ ಹಿಡಿದಿಡಲು ಕೊಡುವ ಆಕ್ಸಿಬ್ಯುಟಿನಿನ್‌ನಂಥ ಕೆಲವು ಮಾತ್ರೆಗಳು ಹಿರಿಯರ ತಲೆಗೆ ಇನ್ನಷ್ಟು ಮಂಕು ಕವಿಸುತ್ತವೆ. ಮಾತ್ರೆಗಳ ಪಟ್ಟಿಯನ್ನು ನ್ಯೂರಾಲಜಿಸ್ಟರಿಗೆ ತೋರಿಸದೆ ಬರಬೇಡಿ.

ಸ್ಕ್ಯಾನ್ ವಿಷಯ ಬೇಗ ಮುಗಿಸುತ್ತೇನೆ, ಅದನ್ನು ಓದುವುದು ನಮ್ಮ ಕೆಲಸವಲ್ಲ. ಕುಳಿಯ ಅಗಲವನ್ನು ತಲೆಬುರುಡೆಯ ಅಗಲಕ್ಕೆ ಹೋಲಿಸಿದ 'ಇವಾನ್ಸ್ ಸೂಚ್ಯಂಕ' 0.3ಕ್ಕಿಂತ ಹೆಚ್ಚಿದ್ದರೆ ಕುಳಿಗಳು ಹಿಗ್ಗಿವೆ ಎಂದರ್ಥ. ಆದರೆ ಮಿದುಳು ಸವೆದು ಕುಗ್ಗಿದರೂ ಕುಳಿ ದೊಡ್ಡದಾಗಿ ಕಾಣುತ್ತದೆ. ನೆತ್ತಿಯ ಕಡೆ ಮಿದುಳಿನ ಮಡಿಕೆಗಳು ಒತ್ತೊತ್ತಾಗಿ, ಕೆಳಗೆ ಬದಿಯ ಸಂದುಗಳು ಅಗಲವಾಗಿ ಕಾಣುವ ಚಿತ್ರ ಎನ್‌ಪಿಎಚ್‌ಗೆ ಹತ್ತಿರ. ಜಪಾನಿನ ವೈದ್ಯರು ಇದಕ್ಕೆ 'ಡೆಶ್' ಎಂದು ಹೆಸರಿಟ್ಟು ಮಹತ್ವ ಕೊಟ್ಟಿದ್ದಾರೆ. ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಭಾಗ ತೀರಾ ಸವೆದಿದೆಯೇ ಅಂತ ಮಾತ್ರ ಕೇಳಿಕೊಳ್ಳಿ.

ಈಗ, ಊರು ಬಿಟ್ಟು ಹೊರಗಿರುವ ಕನ್ನಡಿಗರಿಗೇ ವಿಶೇಷವಾಗಿ ಹೇಳಬೇಕಾದ ಮಾತು. ಮಾಮನಿಗೆ ಬುದ್ಧಿಯ ಪರೀಕ್ಷೆ ಮಾಡಿದ್ದು ಮರಾಠಿ ಬೆರೆತ ಹಿಂದಿಯಲ್ಲಿ. ಅವರ ಮನೆಮಾತು ಬ್ಯಾರಿ, ಓದಿದ್ದು ಕನ್ನಡದಲ್ಲಿ ಏಳನೆಯ ತರಗತಿ, ಅಂಗಡಿಯ ಹಿಂದಿ ಬೇರೆ. ನೂರರಿಂದ ಏಳೇಳು ಕಳೆಯುತ್ತ ಹೋಗಿ ಅಂದರು. ಜೀವನವಿಡೀ ಲೆಕ್ಕ ಬರೆದ ಮನುಷ್ಯ, 93 ಅಂತ ಬಾಯಿಬಿಡಲಿಲ್ಲ. ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳಿ ಅಂದಾಗ ಎರಡು ಹೇಳಿ ನಿಂತರು. 30ರಲ್ಲಿ 11 ಬಂತು. "ಡಿಮೆನ್ಶಿಯಾ ತುಂಬ ಮುಂದುವರಿದಿದೆ, ಶಂಟ್‌ನಿಂದ ಹೆಚ್ಚೇನೂ ಆಗಲಾರದು" ಅಂತ ಚೀಟಿಯಲ್ಲಿ ಬರೆದರು. ಆ ಚೀಟಿಯ ಮೇಲೆಯೇ ತೀರ್ಮಾನ ಆಗಿಬಿಡುತ್ತಿತ್ತು. ಪುಣ್ಯಕ್ಕೆ ಇನ್ನೊಂದು ಕಡೆ ಧಾರವಾಡದ ಕಡೆಯ ಸೈಕಾಲಜಿಸ್ಟ್ ಒಬ್ಬರು ಸಿಕ್ಕಿ, ಕನ್ನಡದಲ್ಲಿ, ಅವಸರ ಮಾಡದೆ ಕೇಳಿದರು. 17 ಬಂತು. ಎರಡನೆಯ ಸಲ ಅನ್ನುವ ಅನುಕೂಲ ಅದರಲ್ಲಿ ಸ್ವಲ್ಪ ಇದ್ದೀತು, ಆದರೂ ಆರು ಅಂಕ ಬರೀ ಅಭ್ಯಾಸದಿಂದ ಬರುವುದಿಲ್ಲ.

ಶಂಟ್‌ಗೆ ಮುಂಚಿನ ಅಂಕವೇ ಭವಿಷ್ಯ ಹೇಳುವ ಲೆಕ್ಕದ ಮೊದಲ ಸಾಲು. ಮೊದಲೇ ಬುದ್ಧಿ ತೀರಾ ಕುಸಿದವರಲ್ಲಿ ಚೇತರಿಕೆ ಕಡಿಮೆ ಅನ್ನುವುದು ನಿಜ. ಆದರೆ ಕುಸಿದದ್ದು ಬುದ್ಧಿಯೋ, ಪರೀಕ್ಷೆಯ ಭಾಷೆಯೋ ಅಂತ ನೋಡದಿದ್ದರೆ ಲೆಕ್ಕ ಮೊದಲ ಸಾಲಿನಲ್ಲೇ ತಪ್ಪುತ್ತದೆ. ಶಾಲೆಗೆ ಹೋಗದ ನಮ್ಮ ಅಜ್ಜಿಯರ ಪಾಡು ಇನ್ನೂ ಕಷ್ಟ. ಗಡಿಯಾರ ಬಿಡಿಸಿ, ಘನಾಕೃತಿ ನೋಡಿ ಬಿಡಿಸಿ ಅಂದರೆ ಪೆನ್ನು ಹಿಡಿಯದ ಕೈ ಏನು ಮಾಡೀತು? 12 ವರ್ಷಕ್ಕಿಂತ ಹೆಚ್ಚು ಓದದವರಿಗೆ ಮೋಕಾದಲ್ಲಿ ಒಂದು ಅಂಕ ಹೆಚ್ಚು ಕೊಡುತ್ತಾರೆ, ಅಷ್ಟೇ. ಇದಕ್ಕೆ ಪರಿಹಾರ ಇಲ್ಲದಿಲ್ಲ. ಆಡೆನ್‌ಬ್ರೂಕ್ಸ್ ಪರೀಕ್ಷೆಯ ಮೂರನೆಯ ಆವೃತ್ತಿ, ಎಸಿಇ-3, ಭಾರತದ ಹಲವು ಭಾಷೆಗಳಿಗೆ ಹೊಂದಿಸಿಯಾಗಿದೆ. ಅದರಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷಾ ಸಂಚಿಕೆಯೂ ಕನ್ನಡದಲ್ಲಿದೆ. ದಿಲ್ಲಿಯಲ್ಲೋ ಪುಣೆಯಲ್ಲೋ ಇದ್ದು ಕನ್ನಡ ಬಲ್ಲ ಪರೀಕ್ಷಕರು ಸಿಗದಿದ್ದರೆ, ಊರಿಗೆ ಹೋದಾಗ ಬೆಂಗಳೂರಿನಲ್ಲಿ ಒಂದು ಸಲ ಮಾಡಿಸಿ ವರದಿ ತನ್ನಿ. ಮನೆಯಲ್ಲಿ ದಖ್ಖನಿ ಮಾತಾಡುವವರು ಉರ್ದುವಿನದ್ದು ಕೇಳಿ. ಬ್ಯಾರಿ, ನವಾಯತಿ ಮನೆಮಾತಿನವರು ಓದಿದ ಭಾಷೆ ಯಾವುದೋ ಅದರಲ್ಲಿ ಮಾಡಿಸಿ. ಶಂಟ್ ನಂತರದ ಪರೀಕ್ಷೆಯೂ ಅದೇ ಭಾಷೆಯಲ್ಲಿ ಆಗಬೇಕು. ಮೊದಲು ಹಿಂದಿ, ಆಮೇಲೆ ಕನ್ನಡ ಅಂತಾದರೆ ಭಾಷೆಯಿಂದ ಬಂದ ಅಂಕವನ್ನು ಶಂಟ್‌ನ ಖಾತೆಗೆ ಬರೆದಂತಾಗುತ್ತದೆ.

ಅಪಾಯಗಳನ್ನು ಮುಚ್ಚಿಡಬಾರದು. ದ್ರವ ಹೆಚ್ಚು ಹರಿದರೆ ಎದ್ದು ನಿಂತಾಗ ತಲೆನೋವು, ಕೆಲವರಲ್ಲಿ ಮಿದುಳಿನ ಹೊರಪದರದ ಕೆಳಗೆ ರಕ್ತ ಸೇರುವುದು, ಸೋಂಕು, ಕೊಳವೆ ಕಟ್ಟಿಕೊಳ್ಳುವುದು - ಇವೆಲ್ಲ ಇವೆ. ನಾನು ಮೇಲೆ ಹೇಳಿದ 2025ರ ಪ್ರಯೋಗದಲ್ಲೇ ತಲೆನೋವು ಮತ್ತು ರಕ್ತ ಸೇರುವುದು ವಾಲ್ವ್ ತೆರೆದವರಲ್ಲಿ ಹೆಚ್ಚು ಕಂಡಿತ್ತು. ಬೀಳುವುದು ಮಾತ್ರ ಅವರಲ್ಲಿ ಕಡಿಮೆಯಾಗಿತ್ತು. ಖರ್ಚಿನ ಮಾತು ಬಂದರೆ, ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್ ಅಗ್ಗ, ನಮ್ಮ ದೇಶದಲ್ಲಿ ಬಹಳ ಬಳಕೆಯಲ್ಲಿದೆ. ಹೊರಗಿನಿಂದ ತಿರುಗಿಸಬಹುದಾದ ವಾಲ್ವ್ ತುಂಬ ದುಬಾರಿ. ದ್ರವ ಹೆಚ್ಚು ಕಡಿಮೆ ಹರಿದರೆ ಮತ್ತೆ ಕತ್ತರಿ ಹಿಡಿಯದೆ ಸರಿಪಡಿಸಬಹುದು ಅನ್ನುವುದು ಅದರ ಲಾಭ. ಅದು ಇದ್ದವರು ಎಮ್‌ಆರ್‌ಐ ಮಾಡಿಸಿದ ಮೇಲೆ ವಾಲ್ವ್ ಅದೇ ಸ್ಥಾನದಲ್ಲಿದೆಯೇ ಅಂತ ನೋಡಿಸಬೇಕು, ಎಷ್ಟೋ ಮಂದಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಶಂಟ್ ಆದ ಮೇಲೆ ಮೊದಲು ನಡಿಗೆ, ಆಮೇಲೆ ನಿಧಾನವಾಗಿ ಉಳಿದದ್ದು. ಬುದ್ಧಿಯನ್ನು ಮೂರು ತಿಂಗಳಿಗೆ ಒಮ್ಮೆ, ಮತ್ತೆ ವರ್ಷದ ಹೊತ್ತಿಗೆ ಒಮ್ಮೆ ಅಳೆಸಿ. ಸುಧಾರಿಸಿ ಮತ್ತೆ ಕೆಟ್ಟರೆ "ಕಾಯಿಲೆ ಮುಂದುವರಿಯಿತು" ಅಂತ ತೀರ್ಮಾನಿಸುವ ಮುನ್ನ ಕೊಳವೆ ಕಟ್ಟಿದೆಯೇ ನೋಡಿಸಿ. ಅಂಕಕ್ಕಿಂತ ಹೆಚ್ಚಾಗಿ ಮನೆಯ ಸಣ್ಣ ಕೆಲಸಗಳನ್ನು ಬರೆದಿಡಿ. ತಾನಾಗಿ ಮಾತು ಶುರುಮಾಡಿದರೇ, ಚಿಲ್ಲರೆ ಎಣಿಸಿದರೇ, ಫೋನ್ ಎತ್ತಿದರೇ, ನಮಾಝಿನ ರಕಅತ್ ಲೆಕ್ಕ ತಪ್ಪುವುದು ಕಡಿಮೆಯಾಯಿತೇ. ಆಸ್ಪತ್ರೆಯ ಕಾಗದದಲ್ಲಿ ಕಾಣದ ಬದಲಾವಣೆ ಎಷ್ಟೋ ಸಲ ಇಲ್ಲಿ ಕಾಣುತ್ತದೆ.

ಮಾಮನಿಗೆ ಶಂಟ್ ಹಾಕಿ ಹದಿಮೂರು ತಿಂಗಳಾಯಿತು. ಕೋಲಿಲ್ಲದೆ ಕೆಳಗಿಳಿದು ಪೇಪರ್ ತರುತ್ತಾರೆ. ಕನ್ನಡದ ಪರೀಕ್ಷೆಯಲ್ಲಿ 17 ಇದ್ದದ್ದು 20 ಆಗಿದೆ. ಮೀನಿನವಳು ಹತ್ತು ರೂಪಾಯಿ ಹೆಚ್ಚು ತಗೊಂಡಳು ಅಂತ ಕಳೆದ ವಾರ ಮಾಮಿಯ ಜೊತೆ ಜಗಳ ಆಡಿದರಂತೆ. ಮಾಮಿ ಫೋನಿನಲ್ಲಿ ಅದನ್ನು ಎರಡು ಸಲ ಹೇಳಿದರು. ಬೆಳಗ್ಗೆ ಸಕ್ಕರೆಯ ಮಾತ್ರೆ ತಗೊಂಡ್ರಾ ಇಲ್ವಾ ಅನ್ನುವುದು ಮಾತ್ರ ಅವರಿಗೆ ಇಂದಿಗೂ ನೆನಪಿರುವುದಿಲ್ಲ. ಅದಕ್ಕೆ ಏಳು ಮನೆಗಳ ಪ್ಲಾಸ್ಟಿಕ್ ಡಬ್ಬಿ ತಂದಿದ್ದಾರೆ, ರವಿವಾರ ರಾತ್ರಿ ಮಾಮಿಯೇ ತುಂಬಿಸುತ್ತಾರೆ.